ಹಿಡಿದುಬಿಡಿ

ಟೌರಂಗಾ
24 ನವೆಂಬರ್ 2024

ಪ್ರೀತಿಯ ಉಮೈರಾಗೆ ಸರ್ಫರಾಜ್ ಮಾಮುವಿನ ದುವಾ.

ಮೊದಲು ಒಂದು ವಿಷಯ ತಿಳಿದಿರಲಿ. ಟೌರಂಗಾ ಬಂದರಿಗೆ ಬರುವ ಯಾವ ಹಡಗೂ ನಾನು ಕೈಬೀಸದೆ ಲಂಗರು ಹಾಕುವುದಿಲ್ಲ. ಮೊನ್ನೆ ನೆಗಡಿಯಾಗಿ ಮಲಗಿದ್ದೆ, ಹಡಗುಗಳೆಲ್ಲ ಹೊರಗೇ ನಿಂತವು. ಕೊನೆಗೆ ಕ್ಯಾಪ್ಟನ್ ಒಬ್ಬ ಫ್ಲ್ಯಾಟಿಗೆ ಬಂದು ಬಾಗಿಲು ತಟ್ಟಿ, ಶುಂಠಿ ಕಷಾಯ ಕುಡಿದು ಒಮ್ಮೆ ಎದ್ದು ಬನ್ನಿ ಸಾಹೇಬರೇ ಎಂದು ಬೇಡಿಕೊಂಡ. ಅಂಥ ಮಾಮುವಿಗೆ ನೀನು ಒಬ್ಬ ಹುಡುಗನನ್ನು ನೋಡಿಬರುವ ಕೆಲಸ ಹೇಳಿದ್ದೀಯ. ರೈಲು ಎಂಜಿನ್ನಿಗೆ ತರಕಾರಿಯ ತಳ್ಳುಗಾಡಿ ಕಟ್ಟಿದ ಹಾಗಾಯಿತು. ಇರಲಿ, ಎಳೆಯುತ್ತೇನೆ.

ನಿನ್ನ ಕಾಗದ ಸಿಕ್ಕಿತು. ನೀನು ಹೇಳುವುದು ನಿಜ. ಫೋನಿಗೆ ಬರೆದರೆ ನಿನ್ನ ಅಮ್ಮಿ, ಅಂದರೆ ನಮ್ಮ ಗುಲ್ಜಾರ್ ಆಪಾ, ಅಡುಗೆಮನೆಯಲ್ಲಿ ನಿಂತು ಮನೆಮಂದಿಗೆಲ್ಲ ಓದಿ ಹೇಳುತ್ತಾಳೆ. ಹಾಗಾಗಿ ನಿನ್ನ ಶಾಲೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಹೆಡ್‌ಮಾಸ್ಟರು ಬಿಚ್ಚಿ ಓದಿದರೆ ಓದಲಿ, ಅವರಿಗೂ ಸ್ವಲ್ಪ ಲೋಕಜ್ಞಾನ ಬರಲಿ.

ಹುಡುಗನ ಹೆಸರು ಮಾಝ್, ಊರು ದಾವಣಗೆರೆ, ಹ್ಯಾಮಿಲ್ಟನ್ನಿನಲ್ಲಿ ಓದಿ ಅಲ್ಲೇ ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಎಂಜಿನಿಯರ್. ಇಷ್ಟು ನಿನ್ನ ಅಬ್ಬಾ ಫೋನಿನಲ್ಲಿ ಹೇಳಿದರು. ಆಮೇಲೆ ಹೇಳಿದರು: "ಆ ದೇಶದಾಗೆ ನಮಗೆ ಇರೋನು ನೀನೊಬ್ಬ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ." ನಿನ್ನ ಅಬ್ಬಾ ನನ್ನ ಬಗ್ಗೆ ಆಡಿದ ಮೊದಲ ಸರಿಯಾದ ಮಾತು ಇದು.

ಹುಡುಗನಿಗೆ ಫೋನ್ ಮಾಡಿದೆ. ಬೇಸಿಗೆಯಲ್ಲಿ ಪ್ರತಿ ಭಾನುವಾರ ಯೂಟ್ ಎಂಬ ಹಿಂದೆ ತೆರೆದ ಗಾಡಿ ಹೊಡೆದುಕೊಂಡು ನಮ್ಮ ಟೌರಂಗಾಕ್ಕೆ ಬಂದು ಸಮುದ್ರದ ತೆಳುನೀರಿನಲ್ಲಿ ಮೀನು ಹಿಡಿಯುತ್ತಾನಂತೆ. ಅದೂ ನೊಣದಿಂದ. ಫ್ಲೈ ಫಿಶಿಂಗ್, ನೀವೂ ಬರ್ತೀರಾ ಅಂಕಲ್ ಎಂದ. ಯಾರನ್ನು ಕೇಳುತ್ತಿದ್ದಾನೆ ನೋಡು. ಏಳನೇ ಕ್ಲಾಸಿನ ಪರೀಕ್ಷೆಯ ದಿನ ನಾನು ತುಂಗಭದ್ರೆಯಲ್ಲಿ ಹಿಡಿದ ಬಾಳೆಮೀನನ್ನು ಮೇಷ್ಟ್ರು ಮೂರು ದಿನ ತಿಂದು ನನ್ನನ್ನು ಪಾಸು ಮಾಡಿದ್ದು ಊರಿಗೆಲ್ಲ ಗೊತ್ತು. ಒಪ್ಪಿಕೊಂಡೆ. ನೀರಿನಲ್ಲಿ ನಿಲ್ಲಿಸಿದರೆ ಗಂಡಸಿನ ಬಣ್ಣ ಗೊತ್ತಾಗುತ್ತದೆ.

ನಿನ್ನ ಮಾಮು
ಸರ್ಫರಾಜ್


ಹರಿಹರ
12 ಡಿಸೆಂಬರ್ 2024

ಮಾಮು, ಅಸ್ಸಲಾಮು ಅಲೈಕುಮ್.

ನಿಮ್ಮ ಕಾಗದದಲ್ಲಿ ಹಡಗುಗಳನ್ನು ಬಿಟ್ಟರೆ ಉಳಿದದ್ದು ಕಾಗುಣಿತದ ತಪ್ಪು. ಕೆಂಪು ಪೆನ್ನು ಕೈಗೆ ಬಂದಿತ್ತು, ತಡೆದುಕೊಂಡೆ. ನೀವು ಕಿವಿ ಹಣ್ಣಿನ ತೋಟದಲ್ಲಿ ಹೆಚ್ಚಾದ ಎಳೆಗಾಯಿ ಕಿತ್ತುಹಾಕುವ ಕೆಲಸ ಮಾಡುತ್ತೀರೆಂದು ಅಮ್ಮಿ ಹೇಳುತ್ತಾಳೆ. ಅದರಲ್ಲಿ ನಾಚಿಕೆ ಏನಿದೆ? ನಾನೂ ಶಾಲೆಯಲ್ಲಿ ಮಕ್ಕಳ ಪುಸ್ತಕದಲ್ಲಿ ಅದನ್ನೇ ಮಾಡುತ್ತೇನೆ.

ಈ ಸಲ ತಮಾಷೆ ಬೇಡ ಮಾಮು. ಹೋದ ಸಲ ಶಿಕಾರಿಪುರದವರು ನನ್ನನ್ನು ನೋಡಲು ಬಂದಾಗ ನೀವು ರಜೆಗೆ ಬಂದಿದ್ದಿರಿ. ಆ ಹುಡುಗನ ಕುಂಟುನಡಿಗೆಯನ್ನು ಅವರ ತಾಯಿಯ ಎದುರೇ ನಡೆದು ತೋರಿಸಿದಿರಿ. ಮನೆಯವರೆಲ್ಲ ನಕ್ಕರು. ಅವರು ಚಹಾ ಕುಡಿಯದೆ ಎದ್ದುಹೋದರು. ಅದಾದ ಮೇಲೆ ಎರಡು ವರ್ಷ ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ನನಗೀಗ ಮೂವತ್ತೊಂದು.

ಮಾಝ್ ಅವರ ಅಮ್ಮಿ ಜನವರಿ ಮುಗಿಯುವುದರೊಳಗೆ ಉತ್ತರ ಕೇಳಿದ್ದಾರೆ. ನಿಮ್ಮ ದೇಶದಲ್ಲೇ, ಪಾಪಕುರಾ ಎಂಬ ಊರಿನ ಇನ್ನೊಂದು ಮನೆಯವರು ತಮ್ಮ ಲೈಬಾ ಎಂಬ ಹುಡುಗಿಗೆ ಮಾಝ್ ಅವರನ್ನು ವಿಚಾರಿಸುತ್ತಿದ್ದಾರಂತೆ. ನೀವು ನೋಡಿ ಹೇಳಬೇಕಾದದ್ದು ಇಷ್ಟೇ. ಗಾಡಿ ಓಡಿಸುವಾಗ ಬೈಯುತ್ತಾರೆಯೇ? ಅಂಗಡಿಯಲ್ಲಿ ಕೆಲಸ ಮಾಡುವವರ ಮುಖ ನೋಡಿ ಮಾತಾಡುತ್ತಾರೆಯೇ? ಬೇಡ ಅಂದದ್ದನ್ನು ಎರಡನೇ ಸಲ ಹೇಳಿಸಿಕೊಳ್ಳುತ್ತಾರೆಯೇ?

ಆಗಸ್ಟಿನಲ್ಲಿ ಅವರು ನಮ್ಮ ಮನೆಗೆ ಬಂದಾಗ ಮಹಡಿಯ ಮೇಲೆ ಚಹಾ ಆರುವವರೆಗೆ ಮಾತಾಡಿದೆವು. ಏನು ಮಾತಾಡಿದೆವು ಎಂದು ಬರೆಯುವುದಿಲ್ಲ.

ಉಮೈರಾ


ಟೌರಂಗಾ
28 ಡಿಸೆಂಬರ್ 2024

ಉಮೈರಾ ಟೀಚರಿಗೆ ಹಳೆಯ ವಿದ್ಯಾರ್ಥಿಯ ಸಲಾಂ.

ಹೋದ ಭಾನುವಾರ ಸಮುದ್ರಕ್ಕೆ ಹೋಗಿಬಂದೆ. ನೊಣದ ಮೀನುಗಾರಿಕೆ ಎಂದಿದ್ದನಲ್ಲ, ನಾನು ಮೂರು ದಿನ ಮೊದಲೇ ತೋಟದ ಕಸದ ಡಬ್ಬಿಯ ಹತ್ತಿರ ಕಾದು ಜಾಮ್ ಬಾಟಲಿಯ ತುಂಬ ದಪ್ಪ ದಪ್ಪ ನೊಣ ಹಿಡಿದಿಟ್ಟಿದ್ದೆ. ಮುಚ್ಚಳಕ್ಕೆ ತೂತು ಮಾಡಿ ಸಕ್ಕರೆ ಹಾಕಿ ಸಾಕಿದ್ದೆ. ಯೂಟಿನ ಹಿಂಬದಿಯ ಹಲಗೆ ಇಳಿಸಿ ಅದರ ಮೇಲೆ ಬಾಟಲಿ ಇಟ್ಟಾಗ ಹುಡುಗ ತನ್ನ ಡಬ್ಬಿ ತೆರೆದ. ಅವನ ನೊಣ ಅಂದರೆ ಗಾಳಕ್ಕೆ ಸುತ್ತಿದ ಕೋಳಿಪುಕ್ಕ, ಕೂದಲು, ಮಿಂಚುವ ಎಳೆ. ನಿಜವಾದ ನೊಣ ಯಾರೂ ಹಾಕುವುದಿಲ್ಲವಂತೆ. ಅವನು ಸಮುದ್ರದ ಕಡೆ ತಿರುಗಿ ನಿಂತ. ಭುಜ ಅಲುಗುತ್ತಿತ್ತು. ಕೇಳಿದರೆ ಕೆಮ್ಮು ಬಂತು ಮಾಮು ಎಂದ. ಅಂಕಲ್ ಹೋಗಿ ಮಾಮು ಆಗಿದ್ದೆ. ಕೆಮ್ಮು ಎಂಥದೆಂದು ನನಗೆ ಗೊತ್ತಾಗುವುದಿಲ್ಲವೇ?

ಇಳಿತದ ಹೊತ್ತಿಗೆ ಅಲ್ಲಿ ಮೈಲಿಗಟ್ಟಲೆ ಮರಳು, ಮೇಲೆ ಮೊಣಕಾಲಿನಷ್ಟು ನೀರು. ಆ ನೀರಿನಲ್ಲಿ ಜಮಖಾನೆಯಷ್ಟು ಅಗಲದ ಸ್ಟಿಂಗ್‌ರೇ ಎಂಬ ಮೀನು ನೆಲಕ್ಕೆ ಅಂಟಿಕೊಂಡು ತೇಲುತ್ತದೆ, ಬಾಲದಲ್ಲಿ ಮುಳ್ಳು. ಅದರ ಬೆನ್ನಿನ ಮೇಲೆ ನೆರಳಿನ ಹಾಗೆ ಕಿಂಗ್‌ಫಿಶ್ ಎಂಬ ದೊಡ್ಡ ಮೀನು ಬರುತ್ತದೆ. ಕೆಳಗಿನವನು ಮರಳು ಕೆದಕಿ ಎಬ್ಬಿಸಿದ್ದನ್ನು ಮೇಲಿನವನು ತಿನ್ನುವುದು. ಹುಡುಗ ಉದ್ದನೆಯ ಕೋಲನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ ದಾರವನ್ನು ಗಾಳಿಯಲ್ಲೇ ಬಿಚ್ಚಿ, ಪುಕ್ಕವನ್ನು ಸರಿಯಾಗಿ ಮೇಲಿನವನ ಮೂಗಿನ ಮುಂದೆ ಇಳಿಸಿದ. ಕಚ್ಚಿತು. ಬಹಳ ಹೊತ್ತು ಓಡಿಸಿ ಸುಸ್ತು ಮಾಡಿ ಹತ್ತಿರ ಎಳೆದ. ಆಮೇಲೆ ಏನು ಮಾಡಿದ ಗೊತ್ತೇ? ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ಬಾಲ ಹಿಡಿದು, ಅದಕ್ಕೆ ಉಸಿರು ಬರುವವರೆಗೆ ನೀರಿನಲ್ಲೇ ಮಗುವಿನ ಹಾಗೆ ಆಡಿಸಿ ಬಿಟ್ಟುಬಿಟ್ಟ. ತಿನ್ನುವುದಿಲ್ಲವೇ ಎಂದೆ. "ಇಲ್ರಿ ಮಾಮು. ಇದು ಹಿಡಿದು ಬಿಡೋದು," ಎಂದ. ಇಲ್ಲಿನವರ ಪದ್ಧತಿಯಂತೆ. ತುಟಿಗೆ ಕಬ್ಬಿಣ ಚುಚ್ಚಿ, ಅರ್ಧ ಜೀವ ತೆಗೆದು, ಬೆನ್ನು ಸವರಿ ಹೋಗಿ ಬಾ ಅನ್ನುವುದು. ಇದಕ್ಕಿಂತ ನಮ್ಮ ಕಸಾಯಿ ಮೇಲು, ಒಂದೇ ಏಟಿಗೆ ಮುಗಿಸುತ್ತಾನೆ ಎಂದೆ. ವಾದ ಮಾಡಲಿಲ್ಲ. ಅದೂ ನಿಜಾನೇ ಬಿಡ್ರಿ ಎಂದು ತನ್ನ ಕೈ ನೋಡಿಕೊಂಡ. ವಾದ ಮಾಡದ ಗಂಡಸನ್ನು ನಾನು ನಂಬುವುದಿಲ್ಲ.

ಆಮೇಲೆ ಕೋಲು ನನ್ನ ಕೈಗೆ ಬಂತು. ನನ್ನ ಪುಕ್ಕಕ್ಕೆ ಆ ಬಂದರಿನ ಸುಲ್ತಾನನೇ ಬಂದು ಬಿದ್ದ. ಇಪ್ಪತ್ತು ಕಿಲೋ, ಕಡಿಮೆ ಇಲ್ಲ. ಕೊನೆಗೆ ನಾನೂ ಬಿಟ್ಟೆ. ನಾನು ಬಿಟ್ಟ ವೈಖರಿ ನೋಡಿ ಹುಡುಗ ಎದೆಮಟ್ಟದ ನೀರಿಗೆ ಓಡಿದ.

ಈಗ ನಿನ್ನ ವಿಷಯ. ಸುಮ್ಮನೆ ಮುಖ ನೋಡಿದರೆ ಏನು ಗೊತ್ತಾಗುತ್ತದೆ? ಪರೀಕ್ಷೆ ಇಟ್ಟೆ. ಹುಡುಗಿಗೆ ಎಡಗಿವಿ ಕೇಳಿಸುವುದಿಲ್ಲ, ನಿಮ್ಮ ಮನೆಯವರಿಗೆ ಹೇಳಿಲ್ಲ ಎಂದುಬಿಟ್ಟೆ. ದಾರ ಸುತ್ತುತ್ತಿದ್ದವನು ನಿಲ್ಲಿಸಿದ.

"ಯಾವ ಕಿವಿ ಅಂದ್ರಿ ಮಾಮು?"

"ಎಡಗಿವಿ. ಯಾಕಪ್ಪ?"

"ಮತ್ತೆ, ನಾನು ಬಲಗಡೆ ಕುಂದ್ರಬೇಕಲ್ರಿ."

ಇಷ್ಟೇ. ಮತ್ತೆ ದಾರ ಸುತ್ತತೊಡಗಿದ. ನನ್ನ ಅಭಿಪ್ರಾಯ ಕೇಳಿದರೆ ಕಳ್ಳ. ಅಷ್ಟು ಒಳ್ಳೆಯ ಉತ್ತರ ಅಷ್ಟು ಬೇಗ ಬಾಯಿಗೆ ಬರಬೇಕಾದರೆ ಮೊದಲೇ ಉರುಹೊಡೆದಿರಬೇಕು. ನಿನ್ನ ಅಬ್ಬಾಗೆ ಇನ್ನೂ ಏನೂ ಹೇಳಿಲ್ಲ.

ಬೈಗುಳ ಕೇಳಲಿಲ್ಲ. ಡೈರಿಯಲ್ಲಿ, ಇಲ್ಲಿ ಓಣಿಯ ಅಂಗಡಿಗೆ ಹಾಗನ್ನುತ್ತಾರೆ, ಐಸ್‌ಕ್ರೀಮ್ ಕೊಡಿಸಿದ, ಅಂಗಡಿಯ ಹೆಂಗಸಿನ ಮಗನ ಪರೀಕ್ಷೆ ಹೇಗಾಯಿತೆಂದು ಕೇಳಿದ. ಎರಡನೇ ಐಸ್‌ಕ್ರೀಮನ್ನು ನಾನು ಮರ್ಯಾದೆಗೆ ಒಮ್ಮೆ ಬೇಡವೆಂದೆ, ಕೊಡಿಸಲೇ ಇಲ್ಲ.

ಮಾಮು


ಹರಿಹರ
3 ಜನವರಿ 2025

ಮಾಮು, ನಿಮ್ಮ ಕಾಗದ ಇನ್ನೂ ಬಂದಿಲ್ಲ. ದಿನವೂ ಆಫೀಸ್ ರೂಮಿಗೆ ಹೋಗಿ ಅಂಚೆ ನೋಡುತ್ತೇನೆ. ಗುಮಾಸ್ತರು ನಗುತ್ತಾರೆ.

ಅಬ್ಬಾ ತಾಳ್ಮೆ ಕಳೆದುಕೊಂಡಿದ್ದಾರೆ. ನಿನ್ನ ಮಾಮು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ, ಬರೀ ಹಡಗಿನ ಕಥೆ ಹೇಳ್ತಾನೆ ಅನ್ನುತ್ತಾರೆ. ಮಾಝ್ ಅವರ ಅಮ್ಮಿ ಮತ್ತೆ ಫೋನ್ ಮಾಡಿದ್ದರು. ಪಾಪಕುರಾದವರು ರಂಜಾನಿಗೆ ಮೊದಲೇ ನಿಕಾಹ್ ಮುಗಿಸಲು ತಯಾರಂತೆ.

ನಾನು ಇದುವರೆಗೆ ಯಾರನ್ನೂ ಏನೂ ಕೇಳಿದವಳಲ್ಲ. ಮಾಝ್ ಒಳ್ಳೆಯವರೆಂದು ನಿಮಗೆ ಅನ್ನಿಸಿದ್ದರೆ, ಮಾಮು, ಹಿಡಿದುಬಿಡಿ. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬರುವುದಿಲ್ಲ.

ಉಮೈರಾ


ಹರಿಹರ
18 ಜನವರಿ 2025

ಪ್ರೀತಿಯ ಮಾಮು,

ನಿಮ್ಮ ಡಿಸೆಂಬರಿನ ಕಾಗದ ನಿನ್ನೆ ಕೈಸೇರಿತು. ಒಂಬತ್ತನೇ ತರಗತಿಯವರಿಗೆ ಪ್ರಬಂಧ ಬರೆಯಲು ಕೊಟ್ಟು ಕೊನೆಯ ಬೆಂಚಿನಲ್ಲಿ ಕೂತು ಓದಿದೆ. ನೊಣದ ಬಾಟಲಿಗೆ ಬಂದಾಗ ಜೋರಾಗಿ ನಕ್ಕುಬಿಟ್ಟೆ. ಮಕ್ಕಳೆಲ್ಲ ತಿರುಗಿ ನೋಡಿದರು. ಕಿವಿಯ ಮಾತಿಗೆ ಬಂದಾಗ ನಿಮಗೆ ನಾಲ್ಕು ಬಾರಿಸಬೇಕು ಅನ್ನಿಸಿತು. ಅದರ ಮುಂದಿನ ಸಾಲು ಓದಿ ಕಾಗದ ಮಡಚಿಟ್ಟೆ. ಮತ್ತೆ ಬಿಚ್ಚಿದೆ.

ನಿಮಗೆ ಅದು ಕಳ್ಳನ ಉತ್ತರದಂತೆ ಕೇಳಿಸಿತೇ ಮಾಮು? ಎಡಗಿವಿ ಕೇಳದ ಹೆಂಡತಿಯ ಯಾವ ಕಡೆ ಕೂರಬೇಕೆಂದು ಮೊದಲೇ ಉರುಹೊಡೆದಿಡುವ ಗಂಡಸು ಎಲ್ಲಾದರೂ ಇದ್ದಾನೆಯೇ?

ಮಹಡಿಯ ಮೇಲಿನ ಮಾತು ಈಗ ಬರೆಯುತ್ತೇನೆ. ಮಕ್ಕಳಿಗೆ ಯಾವ ಪಾಠ ಕಂಡರೆ ಆಗುವುದಿಲ್ಲ ಎಂದು ಕೇಳಿದರು. ಸಂಧಿ ಎಂದೆ. ತಮಗೂ ಅದೇ, ಕೂಡಿಸುವುದು ಬಿಡಿಸುವುದು ಯಾವತ್ತೂ ಬರಲಿಲ್ಲ, ಎಲ್ಲ ಪರೀಕ್ಷೆಯಲ್ಲೂ ಅಲ್ಲೇ ಅಂಕ ಹೋಯಿತು ಎಂದರು. ನಾನು ಕಲಿಸುತ್ತೇನೆ ಎಂದೆ. ಬಾಯಿತಪ್ಪಿ ಬಂತು. ಇಬ್ಬರೂ ಚಹಾ ಮರೆತೆವು. ಅಂದಿನಿಂದ ನಾನು ಇನ್ನೊಬ್ಬರ ವಿಷಯ ಯೋಚಿಸಿಲ್ಲ.

ಆ ಕಿವಿಯ ಸುಳ್ಳನ್ನು ನೀವು ತಿದ್ದಬೇಡಿ. ನಿಕಾಹ್ ಆದಮೇಲೆ ನಾನೇ ಹೇಳುತ್ತೇನೆ. ಅವರು ಬಲಗಡೆ ಬಂದು ಕೂತ ದಿನ.

ಅಬ್ಬಾಗೆ ಇವತ್ತೇ ಫೋನ್ ಮಾಡಿ ಹೂಂ ಅನ್ನಿ.

ನಿಮ್ಮ ಉಮೈರಾ


ಟೌರಂಗಾ
22 ಜನವರಿ 2025

ಉಮೈರಾ,

ನಿನ್ನ ಜನವರಿ ಮೂರರ ಕಾಗದ ಶುಕ್ರವಾರ ಬಂತು, ಭಾನುವಾರ ಕೆಲಸ ಮುಗಿಸಿದೆ. ನೀನು ಅಪ್ಪಣೆ ಕೊಟ್ಟ ಮೇಲೆ ಸರ್ಫರಾಜ್ ತಡ ಮಾಡುವವನಲ್ಲ. ಹಿಡಿದು ಬಿಡಿ ಎಂದು ನೀನು ಬರೆದಿದ್ದೆ. ಹಿಡಿದೆ. ಬಿಟ್ಟೆ. ನನ್ನ ಕಾಗದ ಓದಿ ಇಲ್ಲಿನ ಪದ್ಧತಿ ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದೀಯ ಎಂದು ಮೆಚ್ಚಿಕೊಂಡೆ.

ಹುಡುಗ ಯೂಟಿನ ಹಿಂಬದಿಯಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ. ನಮ್ಮ ಹುಡುಗಿಗೆ ಮನಸ್ಸಿಲ್ಲಪ್ಪ ಎಂದೆ. ಬಗ್ಗಿಸುವುದನ್ನು ನಿಲ್ಲಿಸದೆ ಕೇಳಿದ: "ಅವರೇ ಹೇಳಿದ್ರಾ?" ನನ್ನ ಮಾತಿಗೆ ಬೆಲೆ ಇಲ್ಲವೇ ಎಂದು ಸಿಟ್ಟು ಬಂತು. ನಿನ್ನ ಕಾಗದ ತೆಗೆದು, ಮೇಲಿನದನ್ನೂ ಕೆಳಗಿನದನ್ನೂ ಹೆಬ್ಬೆರಳಿನಿಂದ ಮುಚ್ಚಿ ಆ ಮಾತನ್ನು ಮಾತ್ರ ತೋರಿಸಿದೆ. ಬಾಗಿ ಓದಿದ. ಮತ್ತೊಮ್ಮೆ ಓದಿದ. ಅಕ್ಷರ ಭಾಳ ಚೆನ್ನಾಗೈತ್ರಿ ಎಂದ. ಅಷ್ಟೇ. ನೋವಾದ ಹಾಗೆ ಏನೂ ಕಾಣಲಿಲ್ಲ. ಅವನ ಲೋಟ ಮಾತ್ರ ತುಂಬಿ ಹರಿಯುತ್ತಿತ್ತು.

ನಿನ್ನ ಅಬ್ಬಾಗೆ ಹುಡುಗನಿಗೇ ಮನಸ್ಸಿಲ್ಲ ಎಂದು ಹೇಳಿದ್ದೇನೆ. ಹಾಗೆ ಹೇಳಿದರೆ ನಿನ್ನ ಮೇಲೆ ಮಾತು ಬರುವುದಿಲ್ಲ. ಮಾಮುವಿನ ಬುದ್ಧಿ ನೋಡು.

ಇನ್ನೊಬ್ಬನನ್ನು ನಾನೇ ಹುಡುಕುತ್ತೇನೆ. ಹಡಗಿನ ಕ್ಯಾಪ್ಟನ್ನನನ್ನೇ ತರುತ್ತೇನೆ.

ಮಾಮು


ಹರಿಹರ
20 ಫೆಬ್ರವರಿ 2025

ನಿಮ್ಮ ಜನವರಿಯ ಕಾಗದ ಮೊನ್ನೆ ಬಂತು. ಅದಕ್ಕೆ ಮೊದಲೇ ಎಲ್ಲ ಮುಗಿದಿತ್ತು.

ಹುಡುಗನಿಗೆ ಮನಸ್ಸಿಲ್ಲವಂತೆ ಎಂದು ಅಬ್ಬಾ ಊಟಕ್ಕೆ ಕೂತಾಗ ಹೇಳಿದರು. ನಾನು ನಿಮಗೆ ಹದಿನೆಂಟರ ಕಾಗದ ಹಾಕಿಬಂದ ಮರುದಿನದ ಮಾತು. ರೊಟ್ಟಿ ಬಡಿಸುತ್ತಿದ್ದೆ, ಬಡಿಸಿದೆ. ಮನಸ್ಸಿಲ್ಲದವರನ್ನು ಕೇಳುವುದೇನು ಎಂದು ಸುಮ್ಮನಿದ್ದೆ. ಅಲ್ಲಿ ಅವರೂ ಅದನ್ನೇ ಅಂದುಕೊಂಡು ಸುಮ್ಮನಿದ್ದರು.

ಹದಿನಾಲ್ಕರಂದು ಪಾಪಕುರಾದಲ್ಲಿ ಲೈಬಾ ಜೊತೆ ಅವರ ನಿಕಾಹ್ ಆಯಿತು. ಅವರ ಅಮ್ಮಿ ಫೋನಿನಲ್ಲೇ ದುವಾ ಮಾಡಿದರಂತೆ. ಭಾನುವಾರ ಮಿಠಾಯಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಮ್ಮ ಮೇಲೆ ಸಿಟ್ಟಿಲ್ಲ ಎಂದು ತೋರಿಸಲು ದಾವಣಗೆರೆಯಿಂದ ಬಸ್ಸಿನಲ್ಲಿ ಬಂದಿದ್ದರು. ಹೊರಡುವಾಗ ನನ್ನ ಬಲಗಡೆಗೆ ಬಂದು ನಿಂತು, ಕಿವಿಯ ಹತ್ತಿರ ಬಾಯಿ ತಂದು ಕೂಗಿ ಹೇಳಿದರು: "ನಿನಗೂ ಒಳ್ಳೇದಾಗ್ಲಿ ಬೇಟಿ." ಪಕ್ಕದ ಮನೆಯವರು ಅಂಗಳದಲ್ಲೇ ಇದ್ದರು. ಈಗ ನಮ್ಮ ಓಣಿಯಲ್ಲಿ ನಾನು ಕಿವುಡಿ. ಅಲ್ಲ ಎಂದರೆ ಇನ್ನೂ ಜೋರಾಗಿ ಮಾತಾಡುತ್ತಾರೆ.

ನಿಮ್ಮ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. 'ಹಿಡಿದುಬಿಡಿ' ಒಂದೇ ಶಬ್ದ. ಸಾಲಿನ ಕೊನೆಯಲ್ಲಿ ಜಾಗ ಸಾಲದೆ 'ಬಿಡಿ' ಕೆಳಗಿನ ಸಾಲಿಗೆ ಹೋಗಿತ್ತು, ನೆನಪಿದೆ. ಅದನ್ನು ನೋಡಿ ಮೋಸಹೋದೆ ಎನ್ನುತ್ತೀರಿ. ಆದರೆ ಆ ಕಾಗದದ ಮೊದಲ ಸಾಲಿನಲ್ಲೇ, ನಿಮ್ಮ ಕಾಗದ ಇನ್ನೂ ಬಂದಿಲ್ಲ ಎಂದು ಬರೆದಿದ್ದೆ. ಬಾರದ ಕಾಗದ ಓದಿ ನಿಮ್ಮ ಸಮುದ್ರದ ಪದ್ಧತಿಯನ್ನು ನಾನು ಕಲಿತದ್ದು ಹೇಗೆ? ಹೆಬ್ಬೆರಳು ಇಡಲು ಜಾಗ ಹುಡುಕುವವನಿಗೆ ಓದಲು ಬರುತ್ತದೆ ಎಂದೇ ಅರ್ಥ.

ಅವರ ಅಮ್ಮಿ ನನ್ನ ಅಮ್ಮಿಗೆ ಇನ್ನೊಂದು ಮಾತು ಹೇಳಿಹೋದರು. "ಆ ಕೋಲಿನ ಬಗ್ಗೆ ನಿಮ್ಮ ತಮ್ಮ ಬೇಜಾರು ಮಾಡ್ಕೋಬಾರದಂತೆ, ಮಾಝ್ ಹೇಳ್ಯಾನೆ." ಅಮ್ಮಿ ನಿಮಗೆ ಫೋನ್ ಮಾಡಿ ಕೇಳಿದಾಗ, ಹಳೆಯ ಕೋಲು, ನೀರಿಗೆ ಬಿತ್ತು, ಇನ್ನೂರು ಡಾಲರಿನದು ಎಂದಿರಂತೆ.

ನನಗೆ ಎರಡು ವಿಷಯ ಬೇಕು. ಹದಿನೆಂಟರ ಕಾಗದ ನಿಮ್ಮ ಕೈಗೆ ಯಾವಾಗ ಬಂತು? ಆ ಕೋಲಿನದು ಎಷ್ಟು? ಬೇರೆ ಏನೂ ಬರೆಯಬೇಡಿ. ಕ್ಷಮೆ ಎಂದು ಬರೆದರೆ ಒತ್ತಕ್ಷರ ತಪ್ಪುತ್ತೀರಿ, ನಾನು ತಿದ್ದುತ್ತಾ ಕೂರಬೇಕಾಗುತ್ತದೆ.

ಉಮೈರಾ


ಟೌರಂಗಾ
12 ಮಾರ್ಚ್ 2025

ಉಮೈರಾ,

ನಿನ್ನ ಕಾಗದ ಬಂದಾಗ ಬಂದರಿನಲ್ಲಿ ಬಹಳ ಕೆಲಸವಿತ್ತು ಎಂದು ಶುರುಮಾಡಿದ್ದೆ. ಆ ಹಾಳೆ ಹರಿದೆ. ಇದು ಎರಡನೆಯದು.

ಹದಿನೆಂಟರ ಕಾಗದ ಫೆಬ್ರವರಿ ಮೊದಲ ವಾರದಲ್ಲೇ ಬಂತು. ನಿಕಾಹ್‌ಗೆ ಇನ್ನೂ ದಿನಗಳಿದ್ದವು. ಫೋನ್ ಜೇಬಿನಲ್ಲೇ ಇತ್ತು. ಬಾಯಿಂದ ಹೇಳುವುದು ಆಗದು, ಎದುರಿಗೆ ಹೋಗಿ ನಿನ್ನ ಕಾಗದವನ್ನೇ ಕೊಟ್ಟುಬಿಡೋಣ ಎಂದು ಫ್ಲ್ಯಾಟ್‌ಮೇಟ್‌ನ ಕಾರು ಕೇಳಿ ತೆಗೆದುಕೊಂಡು ಹ್ಯಾಮಿಲ್ಟನ್‌ಗೆ ಹೊರಟೆ. ಕೈಮಾಯ್ ಘಟ್ಟದ ತುದಿಯಲ್ಲಿ ಗಾಡಿ ನಿಲ್ಲಿಸಿ ಇನ್ನೊಂದು ಸಲ ಓದಿದೆ. ಅಲ್ಲಿಂದ ಕೆಳಗೆ ಅವನ ಊರಿನ ಬಯಲು ಕಾಣುತ್ತದೆ. ತಿರುಗಿಸಿಕೊಂಡು ಬಂದೆ. ಕಾರು ಕೊಟ್ಟವನಿಗೆ ಬ್ರೇಕ್ ಸರಿಯಿಲ್ಲ ಎಂದು ಬೈದೆ.

ಕೋಲಿನ ವಿಷಯ. ಸುಲ್ತಾನ ಬಂದು ಬಿದ್ದದ್ದು ನಿಜ. ಮೀನು ಓಡುವಾಗ ದಾರ ಸುತ್ತುವ ಗಾಲಿಯನ್ನು ಮುಟ್ಟಬಾರದು ಮಾಮು, ದಾರ ಹೋಗಲಿ ಬಿಡಿ ಎಂದು ಅವನು ಕೂಗುತ್ತಿದ್ದ. ನನಗೆ ಹೇಳಿಕೊಡುವುದೇ ಎಂದು ನಾನು ಗಾಲಿಯನ್ನು ಅಮುಕಿ ಹಿಡಿದೆ. ಅದರ ಹಿಡಿಕೆ ತಿರುಗಿ ಬೆರಳ ಗೆಣ್ಣುಗಳಿಗೆ ಬಡಿಯಿತು. ಬಿಟ್ಟೆ. ನಾನು ಬಿಟ್ಟದ್ದು ಮೀನನ್ನಲ್ಲ. ಕೋಲು, ಗಾಲಿ, ದಾರ ಎಲ್ಲ ನೀರಿನ ಮೇಲೆ ಗೆರೆ ಎಳೆದುಕೊಂಡು ಆಳದ ಕಡೆ ಹೋದವು. ಅವನು ಹಿಂದೆ ಓಡಿದ. ಸಮುದ್ರದ ಭರತ ಏರುವವರೆಗೆ ಕಾಲಿನಿಂದ ತಡಕಾಡಿ, ಚಿಪ್ಪು ಕೊಯ್ದ ಪಾದದಲ್ಲಿ ಕುಂಟುತ್ತಾ ವಾಪಸು ಬಂದ. ಹೋಗ್ಲಿ ಬಿಡ್ರಿ ಮಾಮು ಎಂದ. ಇದ್ದ ಒಂದೇ ಒಣ ಟವೆಲನ್ನು ನನಗೆ ಕೊಟ್ಟ. ಆಮೇಲೆ ಐಸ್‌ಕ್ರೀಮ್ ಕೊಡಿಸಿದ. ಕಿವಿಯ ಸುಳ್ಳನ್ನು ನಾನು ಹೇಳಿದ್ದು ಕೋಲು ಹೋದ ಮೇಲೆ. ಅವನು ಎರಡನೇ ಕೋಲಿನ ದಾರ ಸುತ್ತುತ್ತಿದ್ದಾಗ. ಏನಾದರೂ ಒಂದಕ್ಕೆ ಅವನ ಮುಖ ಬಾಡುವುದನ್ನು ನೋಡಬೇಕಿತ್ತು.

ದುಡ್ಡು ಕೊಡುತ್ತೇನೆ ಎಂದೆ. ಬೇಡ ಎಂದ. ಎಷ್ಟರದು ಎಂದೆ. ಹಳೇದು ಬಿಡ್ರಿ ಎಂದ. ಆ ವಾರವೇ ಪೇಟೆಯ ಅಂಗಡಿಯಲ್ಲಿ ಅದೇ ಕೋಲು ಗಾಲಿಯ ಜೋಡಿ ಗಾಜಿನ ಹಿಂದೆ ನಿಂತಿದ್ದನ್ನು ನೋಡಿದೆ. ಒಳಗೆ ಹೋಗಿ ಬೆಲೆ ಕೇಳಿದೆ. ಹೊರಗೆ ಬಂದೆ.

ನಿನಗೆ ಗೊತ್ತಿರಲಿ, ಅವನು ನಿಮ್ಮ ಮನೆ ಅಳಿಯನಾಗಿದ್ದರೆ ಯಾರ ಮುಂದೆಯೂ ಅದನ್ನು ಎತ್ತುತ್ತಿರಲಿಲ್ಲ. ನೊಣದ ಬಾಟಲಿ ನೋಡಿ ಕೆಮ್ಮಿದವನು ಆಗಲೂ ಗೋಡೆಯ ಕಡೆ ತಿರುಗಿ ಕೆಮ್ಮುತ್ತಿದ್ದ. ಈದ್‌ಗೆ ನಾನು ಬಂದು ನಡುಮನೆಯಲ್ಲಿ ಕೂತು ನನ್ನ ಕಥೆ ಹೇಳುವಾಗ, ನಿನ್ನ ಬಲಗಡೆ ಕೂತು ಸುಮ್ಮನೆ ಚಹಾ ಕುಡಿಯುತ್ತಿದ್ದ. ಇರುವ ಆಯುಷ್ಯವೆಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಒಂದು ಹಡಗಿನ ಕಥೆಯೂ ಹೊಳೆಯುತ್ತಿರಲಿಲ್ಲ. ನಿನ್ನ ಕಾಗದದಲ್ಲಿ ಶಬ್ದ ಮುರಿದು ಕೂತಿದ್ದನ್ನು ಕಂಡೆ. ಅದು ಒಂದೇ ಶಬ್ದ ಎಂದು ನನಗೆ ಗೊತ್ತಿತ್ತು. ಏಳನೇ ಕ್ಲಾಸಿನವರೆಗಾದರೂ ಓದಿದ್ದೇನೆ.

ಆಪಾಳಿಗೆ ಹೇಳಿದ ಇನ್ನೂರು ಸುಳ್ಳು. ಅಂಗಡಿಯವನು ಹೇಳಿದ್ದು ಎರಡು ಸಾವಿರದ ಮುನ್ನೂರ ಎಂಬತ್ತೈದು ಡಾಲರ್.